ಬುದವಂತಿಯ ಕುಡಿಕೆ

ಸ್ಪೇನಿನವರ ತಾಮ್ರದ ನಾಣ್ಯವಾದರೆ ಇಡೀ ಕುಡಿಕೆಗೆ ಒಂದು ಲಕ್ಷ. ಬೇರೆಯವರದ್ದಾದರೆ ನೋಡುವುದೂ ಇಲ್ಲ. ಮಡಗಾಂವಿನ ಸಂಗ್ರಾಹಕರು ಕೊಟ್ಟ ಮಾತು ಇಷ್ಟೇ.

ನಾಣ್ಯ ತುಂಬಿದ ಆ ಕುಡಿಕೆ ಸಿಕ್ಕಿದ್ದು ಬುದವಂತಿಗೆ, ಗೆಣಸಿನ ಪಾತಿ ಅಗೆಯುವಾಗ. ಮಾದರಿಗೆಂದು ಒಂದು ನಾಣ್ಯವನ್ನು ಗುರುಗಳ ಹತ್ತಿರ ಬಿಟ್ಟುಹೋಗಿದ್ದಳು.

ಗುರುಗಳು ಹೊಳೆದಂಡೆಯ ಗುಡಿಸಲಿನಲ್ಲಿದ್ದರು. ಹಳೆಯ ನಾಣ್ಯ ಕೊಂಡು ಮಾರಿ ತಲೆ ನರೆತವರು. ಶಿಷ್ಯ ರೋಹಿದಾಸ. ಈ ವ್ಯಾಪಾರ ಕುದುರಿದರೆ ಅವನಿಗೆ ಕುಮಟೆಯಲ್ಲಿ ಸ್ವಂತ ಅಂಗಡಿ ಎಂದು ಗುರುಗಳು ಒಪ್ಪಿದ್ದರು.

ಅವರು ನಾಣ್ಯವನ್ನು ಅವನ ಅಂಗೈಗೆ ಹಾಕಿದರು.

"ಯಾರದ್ದು?"

"ಪೋರ್ಚುಗೀಸರದ್ದು. ಈ ಕರಾವಳಿಯಲ್ಲಿ ಇನ್ಯಾರದ್ದು ಸಿಗುತ್ತದೆ?"

"ಕರಾವಳಿ ಯಾರದ್ದು ಅಂತ ಕೇಳಲಿಲ್ಲ. ನಾಣ್ಯ ನೋಡು."

ರೋಹಿದಾಸ ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದ. "ಕಿರೀಟ. ಅದರ ಕೆಳಗೆ ಗುರಾಣಿ."

"ಪೋರ್ಚುಗೀಸರದ್ದಾದರೆ ಅದರೊಳಗೆ ಐದು ಪುಟ್ಟ ಗುರಾಣಿ ಇರಬೇಕು."

"ಇಲ್ಲ. ಕೋಟೆ ಇದೆ. ಪಕ್ಕದಲ್ಲಿ ಸಿಂಹ."

"ತಿರುಗಿಸು."

"ಇಲ್ಲೂ ಸಿಂಹ. ಎರಡು ಗೋಲಗಳ ಮೇಲೆ ಕಾಲಿಟ್ಟಿದೆ."

"ಎರಡೂ ಲೋಕ ನಮ್ಮದೇ ಅಂತ ಕೊಚ್ಚಿಕೊಂಡವರು ಯಾರು?"

"ಸ್ಪೇನಿನವರು!"

"ಅವರು ಆಳುತ್ತಿದ್ದ ಮನಿಲಾದಲ್ಲಿ ಹೊಡೆಸಿದ್ದು. ಯಾವನೋ ಹಡಗಿನವನ ಸೊಂಟದಲ್ಲಿ ಇಲ್ಲಿಗೆ ಬಂದಿದೆ. ಬುದವಂತಿ ಬಂದರೆ ಕೂರಿಸು. ಸ್ನಾನ ಮುಗಿಸಿ ಬರುತ್ತೇನೆ."

ಗುರುಗಳು ಹೊಳೆಗಿಳಿದರು. ಬುದವಂತಿ ಬಂದಳು.

"ಎಂತದ್ರಾ ಅದು? ಚಿನ್ನ ಅಲ್ಲ ಅಂತ ನಂಗೂ ಗೊತ್ತು."

"ಗುಜರಿ ಬುದವಂತಿ, ಬರೀ ಗುಜರಿ. ಪಾಪ, ಅಗೆದು ತೆಗೆದಿದ್ದೀಯಲ್ಲ ಅಂತ ಕುಡಿಕೆಗೆ ಐನೂರು ಕೊಡ್ತೇನೆ."

"ಗುಜರಿಗೆ ಐನೂರು ಕೊಡೂ ಮಳ್ಳು ನಿಂಗೆಂತಕ್ಕೆ?" ಅವಳು ನಕ್ಕಳು. "ಕೊಡು ಇತ್ಲಾಗೆ. ಮನೇಲಿ ಕೇಳ್ಕಂಡು ಬತ್ತೆ."

ಅವನು ಕೊಟ್ಟ. ಬಿಗಿಯಾಗಿ ಹಿಡಿದರೆ ಅನುಮಾನ ಬರುತ್ತದೆ.

ಗುರುಗಳು ಬಂದಾಗ ಹೆಮ್ಮೆಯಿಂದ ಹೇಳಿದ. "ಗುಜರಿ ಅಂದೆ. ಐನೂರಕ್ಕೆ ಇಳಿಸಿದ್ದೇನೆ."

ಒದ್ದೆ ಪಂಚೆ ಹಿಂಡುತ್ತಿದ್ದ ಗುರುಗಳ ಕೈ ನಿಂತಿತು.

"ಓಡು. ಅವಳ ಹಿಂದೆಯೇ ಓಡು."

"ಈಗ ಓಡಿದರೆ ಬೆಲೆ ಏರಿಸ್ತಾಳೆ. ಎಲ್ಲಿ ಹೋಗ್ತಾಳೆ? ಅವಳೇ ಬರ್ತಾಳೆ."

ಅವಳು ಬರಲಿಲ್ಲ. ನಾಲ್ಕನೆಯ ದಿನ ಸಂಜೆ ರೋಹಿದಾಸನೇ ಹೋದ. ಅವಳ ಅಂಗಳದಲ್ಲಿ ಕುಡಿಕೆ ಬೋರಲು ಬಿದ್ದಿತ್ತು.

"ನಾಣ್ಯ ಎಲ್ಲಿ?"

"ಗುಜರಿ ಅಂದ್ಯಲಾ? ತಾಮ್ರದ ಕೆಲಸದವನಿಗೆ ಹಾಕ್ದೆ. ನಮ್ಮ ತೂತು ಹಂಡೆಯನ್ನೂ ಕೊಟ್ಟೆ. ಎಲ್ಲಾ ಕರಗ್ಸಿ ಹೊಸಾ ಹಂಡೆ ಮಾಡ್ಕೊಟ್ಟ. ನೀ ಹೇಳದೇ ಇದ್ರೆ ಸುಮ್ನೆ ಅಟ್ಟದ ಮೇಲೆ ಇಟ್ಕಂಡಿರ್ತಿದ್ದೆ. ಪುಣ್ಯ ಬರ್ಲಿ ನಿಂಗೆ."

ಅವನು ಕಾಲೆಳೆಯುತ್ತ ಹಿಂತಿರುಗಿದ.

"ಆ ಹೆಂಗಸು ಮೋಸ ಮಾಡಿದಳು."

"ಏನು ಮಾಡಿದಳು?"

"ಎಲ್ಲ ಕರಗಿಸಿಬಿಟ್ಟಳು."

"ನಿನ್ನ ಮಾತು ನಂಬಿದಳು."

"ಕೊಳ್ಳುವಾಗ ಸರಕನ್ನು ಹೊಗಳಬೇಡ ಅಂತ ಕಲಿಸಿದ್ದು ನೀವೇ ಅಲ್ಲವೇ?"

"ಹೊಗಳಬೇಡ ಅಂದಿದ್ದೆ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು."

ರೋಹಿದಾಸ ಮೆಲ್ಲಗೆ ಕೇಳಿದ. "ಹಾಗಾದರೆ ಈ ವ್ಯಾಪಾರದಲ್ಲಿ ಲಾಭ ಏನೂ ಇಲ್ಲವೇ?"

"ಇದೆಯಲ್ಲ," ಎಂದರು ಗುರುಗಳು. "ಒಂದು ಹಂಡೆ. ಅದು ಅವಳ ಬಚ್ಚಲಲ್ಲಿದೆ."