ದಡಾರನ ಕಂಬಳಿಯ ಎಳೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಗಾಳಿ, ಹೊಳೆ, ಮನುಷ್ಯರು ಎಲ್ಲರದೂ ಒಂದೇ ಮಾತು. ರೋಗಗಳೂ ನಮ್ಮ ನಿಮ್ಮ ಹಾಗೆ ಕಾಲ್ನಡಿಗೆಯಲ್ಲೇ ಊರೂರು ತಿರುಗುತ್ತಿದ್ದವು.

ಅವುಗಳಲ್ಲಿ ದಡಾರ ಎಂಬುವನೊಬ್ಬ. ಕೆಂಪು ಕಂಬಳಿ ಹೊದ್ದು, ಕೆಮ್ಮುತ್ತ, ನಗುನಗುತ್ತ ಬರುತ್ತಿದ್ದ. ಅವನು ಹೊಕ್ಕ ಮಗುವಿಗೆ ಮೈಯೆಲ್ಲ ಕೆಂಪು ದದ್ದು, ಸುಡುವ ಜ್ವರ.

ಹೊಳೆದಂಡೆಯ ಊರಿನಲ್ಲಿ ಬಾಳವ್ವ ಎಂಬ ತಾಯಿ ಇದ್ದಳು. ಅವಳಿಗೆ ಹೂವಕ್ಕ ಒಬ್ಬಳೇ ಮಗಳು. ಹಿಂದಿನ ಬೇಸಿಗೆಯಲ್ಲಿ ದಡಾರ ಬಂದು ಹೋದಮೇಲೆ ಹುಡುಗಿ ಕಡ್ಡಿಯಾಗಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಮತ್ತೆ ಬೇಸಿಗೆ.

ಗಾಳಿ ಓಡೋಡಿ ಬಂತು. "ಬಾಳವ್ವಾ, ದಡಾರ ಹೊಂಟಾನ! ಗುಡ್ಡದಾಚಿ ಊರಾಗ ಅದಾನ. ಒಂದೊಂದ ಮನಿ ಹೊಕ್ಕು ಬರಾಕತ್ತಾನ."

ಬಾಳವ್ವ ಮಗಳ ಹತ್ತಿರ ಓಡಿದಳು. ಈ ಸಲ ಅವನು ಬಂದರೆ ಹೂವಕ್ಕ ಉಳಿಯುವುದಿಲ್ಲ. ಅದು ಗಾಳಿಗೂ ಗೊತ್ತಿತ್ತು.

ಮಗಳ ಮಣಿಕಟ್ಟಿನ ಹತ್ತಿರ ಬಾಗಿ ಬಾಳವ್ವ ಒಳಗಿದ್ದ ನೆತ್ತರನ್ನು ಕರೆದಳು. "ನೆತ್ತರವ್ವಾ, ಅವ ಬಂದ್ರ ಒಳಗ ಬಿಡಬ್ಯಾಡ."

"ಯಾರ ಅವ?" ಎಂದಿತು ನೆತ್ತರು.

"ದಡಾರ! ಹ್ವಾದ ವರ್ಷ ಬಂದಿದ್ನಲ್ಲ!"

"ಬಂದಿದ್ನೇನು?"

ನೋಡು, ಆ ಕಾಲದ ನೆತ್ತರಿನ ಬುದ್ಧಿ ಹೀಗೆ. ಅತಿ ಮರ್ಯಾದೆಯ ಜೀವ. ಯಾರೇ ಬರಲಿ, ಮೊದಲು ಬೆಲ್ಲ ನೀರು. ಯಾವೂರು, ಯಾರ ಪೈಕಿ ಎಂಬುದೆಲ್ಲ ಆಮೇಲೆ. ಅಷ್ಟರಲ್ಲಿ ದಡಾರ ಮೈಯೆಲ್ಲ ಹರಡಿ ಮನೆಯನ್ನೇ ಬುಡಮೇಲು ಮಾಡಿ ಹೋಗಿರುತ್ತಿದ್ದ.

"ನನಗ ಕಣ್ಣಿಲ್ಲವ್ವ," ಎಂದಿತು ನೆತ್ತರು. "ಮುಟ್ಟಿದ್ರಷ್ಟ ಗುರ್ತು ಹತ್ತತೈತಿ. ಮನಿಗೆ ಬಂದವರನ್ನ ತಡವಿ ನೋಡೂದು ಚಂದ ಏನು?"

ಬಾಳವ್ವ ಅಳುತ್ತ ಹೊಳೆಗೆ ಹೋದಳು. ಹೊಳೆ ಕೇಳಿಸಿಕೊಂಡಿತು. "ಹ್ವಾದ ವರ್ಷ ಅವ ನನ್ನ ದಂಡ್ಯಾಗ ಕಂಬಳಿ ಒಗದಿದ್ದ. ಒಂದ ಎಳಿ ಜಾಲಿಮುಳ್ಳಿಗೆ ಸಿಕ್ಕೊಂಡೈತಿ. ಅದನ್ನ ನೆತ್ತರಿಗೆ ಮುಟ್ಟಸು."

"ಅದರಾಗ ಅವನ ಜೀವ ಇದ್ರ?"

"ನಾನೂ ತೊಳದೀನಿ, ಬಿಸಲಾಗ ಒಣಗೈತಿ. ಜೀವ ಉಳದಿರೂದಿಲ್ಲ." ಹೊಳೆ ಮುಳ್ಳಿನ ಕಡೆ ತೆರೆ ಚಾಚಿತು. "ಆಣಿ ಮಾಡಿ ಹೇಳಾಕ ಮಾತ್ರ ಆಗೂದಿಲ್ಲ."

ಎಂಥ ಮಾತು! ಮಗಳ ಜೀವಕ್ಕೆ ಮುಳುವಾದವನ ಕಂಬಳಿಯನ್ನು ಹೆತ್ತವಳೇ ಮಗಳ ಮೈಗೆ ಸೇರಿಸುವುದೇ? ಬಾಳವ್ವ ಎಳೆಯನ್ನು ಬಿಡಿಸಿಕೊಂಡಳು, ಎಸೆದಳು, ಮತ್ತೆ ಹುಡುಕಿ ಎತ್ತಿಕೊಂಡಳು. ಒಂದು ಮುಳ್ಳನ್ನೂ ಮುರಿದುಕೊಂಡು ಮನೆಗೆ ಬಂದಳು.

"ಯವ್ವಾ, ನೋಯತೈತೇನ?" ಮುಳ್ಳು ಕಂಡ ಹೂವಕ್ಕ ಕೈ ಹಿಂದಕ್ಕೆಳೆದುಕೊಂಡಳು.

"ಹೂಂ ನನ್ನವ್ವ, ನೋಯತೈತಿ." ಸುಳ್ಳು ಹೇಳಲು ಬಾಳವ್ವನಿಗೆ ನಾಲಗೆ ಏಳಲಿಲ್ಲ. ಮಗಳ ತೋಳಿಗೆ ಮುಳ್ಳು ಚುಚ್ಚಿ ಎಳೆಯನ್ನು ಒಳಗೆ ಸೇರಿಸಿದಳು.

ಒಳಗೆ ನೆತ್ತರು ಎಂದಿನಂತೆ ಬೆಲ್ಲ ನೀರು ತಂದಿತು. ಬಂದದ್ದು ಕುಡಿಯಲಿಲ್ಲ, ಮಾತಾಡಲಿಲ್ಲ, ಕದಲಲೂ ಇಲ್ಲ. "ಇದೇನಿದು?" ಎಂದು ನೆತ್ತರು ತಡವಿತು. ಒರಟು. ಮತ್ತೆ ತಡವಿತು. ಚುಚ್ಚಿತು. ಮತ್ತೆ ತಡವಿತು. ಈಗ ಅದಕ್ಕೆ ಸಿಟ್ಟು ಬಂತು. ಎಳೆಯನ್ನು ತಿಕ್ಕಿತು, ತಿರುವಿತು, ಹಿಂಜಿತು. ಆ ರಭಸಕ್ಕೆ ಹೂವಕ್ಕನ ತೋಳು ಬಾತು ಮೈ ಕಾವೇರಿತು.

"ಕೈಯಾರೆ ನನ್ನ ಕೂಸನ್ನ ಕೊಂದೆನಲ್ಲೋ!" ಬಾಳವ್ವ ತಲೆ ಚಚ್ಚಿಕೊಂಡಳು. "ಎಳಿ ಹೊರಗ ಹಾಕ, ನೆತ್ತರವ್ವಾ!" ನೆತ್ತರು ಎಳೆಯನ್ನು ಹಿಂಜುತ್ತಲೇ ಇತ್ತು. ಅದಕ್ಕೆ ಕೆಲಸವೇ ಕೆಲಸ.

ಮರುದಿನ ಕಾವು ಇಳಿಯಿತು. ಹೂವಕ್ಕ ಎದ್ದು ರೊಟ್ಟಿ ಕೇಳಿದಳು. ಆದರೂ ಬಾಳವ್ವನಿಗೆ ಧೈರ್ಯ ಸಾಲಲಿಲ್ಲ. ಎಳೆಯನ್ನೇನೋ ನೆತ್ತರು ಗೆದ್ದಿತು, ಕಂಬಳಿ ಹೊದ್ದವನನ್ನು ಗೆದ್ದೀತೇ?

ಕೆಲವು ದಿನ ಕಳೆದು ದಡಾರ ಬಂದೇ ಬಂದ. ಹೊಸ್ತಿಲಲ್ಲಿ ಅಡ್ಡ ನಿಂತ ಬಾಳವ್ವನನ್ನು ಗಾಳಿಯ ಹಾಗೆ ದಾಟಿದ. ಹೂವಕ್ಕನ ಮೂಗಿನ ಬಾಗಿಲಲ್ಲಿ ನಿಂತು, "ನೀರ ಕೊಡವ್ವ ತಾಯಿ," ಎಂದ. ಬಾಳವ್ವ ಮಗಳನ್ನು ಅವುಚಿಕೊಂಡು ಕಣ್ಣು ಮುಚ್ಚಿದಳು.

ನೆತ್ತರು ಬೆಲ್ಲದ ತಟ್ಟೆ ಹಿಡಿದು ಬಂತು. ಕೈ ಚಾಚಿ ಕಂಬಳಿಯ ಅಂಚು ಮುಟ್ಟಿತು. ತಟ್ಟೆ ಕೆಳಗಿಟ್ಟಿತು.

"ನಿನ್ನ ಗುರ್ತು ಐತಿ ನನಗ," ಎಂದಿತು.

ಅಷ್ಟು ಮೆತ್ತಗಿನ ಜೀವ ದಡಾರನನ್ನು ಹಿಡಿದು, ಉಣ್ಣೆ ಹಿಂಜಿದ ಹಾಗೆ ಹಿಂಜಿ ಹೊರಗೆಸೆಯಿತು.

ಹೂವಕ್ಕ ಒಂದು ಸೀನು ಸೀನಿದಳು. "ಯವ್ವಾ, ಬಿಡ. ಉಸಿರ ಕಟ್ಟತೈತಿ," ಎಂದಳು.

ಅಂದಿನಿಂದ ನೆತ್ತರಿಗೆ ಅದೇ ಚಾಳಿ ಬಿತ್ತು. ಒಮ್ಮೆ ತಡವಿ ನೋಡಿದವನನ್ನು ಅದು ಸುಲಭಕ್ಕೆ ಮರೆಯದು. ಅದಕ್ಕೇ ಮಗು, ಇಂದಿಗೂ ನರ್ಸಕ್ಕ ಚುಚ್ಚುಮದ್ದು ಹಾಕಿದಾಗ, ಒಳಬಂದ ಎಳೆಯನ್ನು ನೆತ್ತರು ಹಿಂಜುವ ರಭಸಕ್ಕೆ ತೋಳು ಕೆಂಪಗೆ ಬಾತು ಮೈ ಒಂದಿಷ್ಟು ಬಿಸಿಯಾಗುತ್ತದೆ. ಒಳ್ಳೆಯದಕ್ಕೇ ಎಂದು ಗೊತ್ತಿದ್ದರೂ ಅವ್ವ ನಿನ್ನ ಹಣೆಯ ಮೇಲಿಟ್ಟ ಕೈಯನ್ನು ಬೆಳಗಿನವರೆಗೂ ತೆಗೆಯುವುದಿಲ್ಲ.