ಶಾಫ್ಟಿಗೆ ಹತ್ತಿದ ವಿಭೂತಿ

ವರದಾ ನದಿಯ ದಂಡೆಯ ಮೇಲಿದ್ದ ಆ ಆಶ್ರಮದಲ್ಲಿ ಪೂಜೆ ಎರಡು ಕಡೆ ನಡೆಯುತ್ತದೆ ಎಂದು ಸುತ್ತಲಿನ ಹಳ್ಳಿಯವರು ನಗುತ್ತಿದ್ದರು. ಒಳಗೆ ಗದ್ದುಗೆಗೆ, ಹೊರಗೆ ಬೇವಿನ ಮರದ ಕೆಳಗೆ ನಿಂತ ಹಳೆಯ ಜೀಪಿಗೆ.

ನಗುವವರು ನಗಲಿ. ಆ ಜೀಪು ಇಲ್ಲದಿದ್ದರೆ ಗಂಗವ್ವ ಇಲ್ಲ.

ಗಂಗವ್ವ ಆಶ್ರಮದ ಅಡುಗೆಯಾಕೆ. ಮೂವತ್ತು ವರ್ಷ ಬಂದವರಿಗೆಲ್ಲ ರೊಟ್ಟಿ ಬಡಿದವಳು. ಎರಡು ವರ್ಷದ ಹಿಂದೆ ಆಕೆಯ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಪ್ರತಿ ಸೋಮವಾರ, ಪ್ರತಿ ಗುರುವಾರ ಐವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕೈಕಾಲು ಬಾಯುತ್ತವೆ, ಉಸಿರಿಗೆ ತತ್ವಾರ. ಬಸ್ಸು ಹತ್ತಿ ಇಳಿಯುವ ತ್ರಾಣ ಆಕೆಗೆ ಉಳಿದಿರಲಿಲ್ಲ.

ಆಶ್ರಮದ ಹಿರಿಯರು ಮುರಿಗಯ್ಯ ಅಜ್ಜನವರು. ಕಾವಿ ಉಡುವ ಮೊದಲು ಹದಿನೆಂಟು ವರ್ಷ ಲಾರಿ ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದವರು. ಉಗುರಿನ ಸಂದಿಯ ಕರಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ತಿಕ್ಕಿ ತೆಗೆಯುವ ಗೊಡವೆಗೆ ಅವರೂ ಹೋಗಿರಲಿಲ್ಲ.

ಶಿಷ್ಯನ ಹೆಸರು ಚನ್ನವೀರ. ಇಪ್ಪತ್ತಾರರ ಹರೆಯ, ಡಿಪ್ಲೊಮಾ ಓದಿದವನು. ವಚನ ಕಲಿಯಲೆಂದು ಬಂದು ಮೂರು ವರ್ಷವಾಗಿತ್ತು, ಅದರಲ್ಲಿ ಹೆಚ್ಚಿನ ಹೊತ್ತು ಜೀಪಿನ ಕೆಳಗೇ ಕಳೆದಿದ್ದ. ಅಜ್ಜನವರು ಕಣ್ಣು ಮುಚ್ಚಿ, ಬಾನೆಟ್ಟಿಗೆ ಕಿವಿಗೊಟ್ಟು, ಎಂಜಿನ್ನಿಗೆ ಏನಾಗಿದೆ ಎಂದು ಹೇಳಿಬಿಟ್ಟದ್ದನ್ನು ಕಂಡ ದಿನವೇ ಅವನು ಅವರಿಗೆ ಸೋತುಹೋಗಿದ್ದ.

ಅವನ ಆಸೆ ಒಂದೇ. ಆ ಬಾಯಿಂದ ಒಂದು ಸಲ 'ಶಾಭಾಸ್' ಅನ್ನಿಸಿಕೊಳ್ಳಬೇಕು.

ಅದಕ್ಕೊಂದು ಅವಕಾಶ ಬಂತು. ಎಂಜಿನ್ನಿನ ತಿರುಗುಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ, ಅಂದರೆ ಶಾಫ್ಟು, ಸವೆದು ಸಡಿಲಾಗಿ, ಒಂದು ಗುರುವಾರ ನಡುದಾರಿಯಲ್ಲಿ ಮುರಿದು ಬಿತ್ತು. ಗಂಗವ್ವ ಆ ದಿನ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿನಲ್ಲಿ ಕೂತು ಆಸ್ಪತ್ರೆ ಮುಟ್ಟಿದಳು. ದಾರಿಯುದ್ದಕ್ಕೂ ಚನ್ನವೀರನಿಗೆ ಬೈಗುಳದ ಸುರಿಮಳೆ.

"ಅಜ್ಜಾರ, ಅಂಥಾದ್ದ ಮತ್ತ ಹಾಕೋದು ಬ್ಯಾಡ್ರಿ," ಎಂದ ಅವನು. "ಅದಕ್ಕಿಂತ ದಪ್ಪಂದು, ಗಟ್ಟಿದು ಮಾಡಸ್ತೇನಿ. ಇನ್ನ ಇಪ್ಪತ್ತು ವರ್ಷ ಆ ಕಡೆ ನೋಡೂದ ಬ್ಯಾಡ."

"ಮಾಡಸು," ಎಂದರು ಅಜ್ಜನವರು. "ಗಟ್ಟಿ ಇದ್ರ ಛಲೋನ."

ಕಬ್ಬಿಣ ಕಡೆಯುವ ಪಟ್ಟಣದ ಲೇಥಿನವರು ಎರಡೇ ದಿನದಲ್ಲಿ ಮಾಡಿಕೊಟ್ಟರು. ಶನಿವಾರ ಮಧ್ಯಾಹ್ನ ಚನ್ನವೀರ ಅದನ್ನು ಹೊತ್ತು ತಂದು, ಉಜ್ಜಿ, ಮಿರಿಮಿರಿ ಮಿಂಚುವ ಕರಿ ಬಣ್ಣ ಬಳಿದ. ಭಾನುವಾರ ಜೀಪಿಗೆ ಜೋಡಿಸಿದ.

ಅಜ್ಜನವರು ಬಗ್ಗಿ ನೋಡಿದರು.

"ಎರಡೂ ತುದಿ ಕವಲು ಒಂದ ಸಾಲಿಗೆ ಬಂದಾವನು?"

"ಬಂದಾವ್ರಿ. ಜೋಡಸೂ ಮೊದಲ ಗುರುತು ಹಾಕ್ಕೊಂಡಿದ್ದೆ."

"ಮುಂದಿನ ಜೋಡಿನ ಓರೆ, ಹಿಂದಿನ ಜೋಡಿನ ಓರೆ?"

"ಎರಡೂ ಸಮ ಅದಾವ್ರಿ. ಅಳದು ನೋಡೇನಿ."

"ಬೋಲ್ಟು?"

"ಎದುರಾ ಬದುರಾ ಬಿಗದೇನ್ರಿ. ಒಂದ ಕಡೆಯಿಂದ ಬಿಗದಿಲ್ಲ."

ಅಜ್ಜನವರು ತಲೆಯಾಡಿಸಿದರು. ಹುಡುಗ ಓದಿದ್ದನ್ನು ಕೈಗೆ ಇಳಿಸಿಕೊಂಡಿದ್ದಾನೆ ಎಂದು ಅವರಿಗೆ ಒಳಗೊಳಗೇ ಹಿಗ್ಗು.

"ಚಂದ ಐತಿ," ಎಂದರು. "ಓಡಲಿ. ಆಮ್ಯಾಲೆ ಮಾತಾಡೂಣು."

ಚಂದ ಐತಿ ಎಂದರೆ ಶಾಭಾಸ್ ಅಲ್ಲ. ಚನ್ನವೀರ ಸೋಮವಾರಕ್ಕೆ ಕಾದ.

ಸೋಮವಾರ ಮುಂಜಾನೆ ನಲವತ್ತರ ವೇಗದ ತನಕ ಜೀಪು ಮಾತಿಲ್ಲದೆ ಓಡಿತು. ನಲವತ್ತೈದಕ್ಕೆ ನೆಲದಿಂದ ಒಂದು ಗುಂಯ್ ಸದ್ದು ಎದ್ದಿತು. ಐವತ್ತೈದಕ್ಕೆ ಕಾಲ ಕೆಳಗಿನ ತಗಡು ನಡುಗತೊಡಗಿತು. ಅದುರುವ ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣದಾಯಿತು.

"ಏ ಚನ್ನವೀರಾ!" ಹಿಂದಿನಿಂದ ಗಂಗವ್ವ ಕೂಗಿದಳು. "ಇದೇನು ಜೀಪೋ, ಜ್ವಾಳಾ ಬೀಸೂ ಕಲ್ಲೋ?"

ಮೆಲ್ಲಗೆ ಹೋದರೆ ಆಸ್ಪತ್ರೆಯ ಪಾಳಿ ತಪ್ಪುತ್ತಿತ್ತು. ಆತ ಹಲ್ಲುಕಚ್ಚಿ ಓಡಿಸಿದ. ಬರುವಾಗ ರಕ್ತ ಶುದ್ಧಿಯಾಗಿ ಮೈ ಹಿಂಡಿ ಹಿಪ್ಪೆಯಾಗಿದ್ದ ಗಂಗವ್ವ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಆಶ್ರಮದ ಬಾಗಿಲಲ್ಲಿ ಇಳಿದು, ಕಂಬ ಹಿಡಿದು ನಿಂತಳು.

"ಗುರುವಾರ ನಾ ಬರಂಗಿಲ್ಲ. ನಡಗಿ ನಡಗಿ ಸಾಯೂದ್ಕಿಂತ ಇಲ್ಲೇ ಹೊಳಿ ದಂಡಿಮ್ಯಾಲೆ ತಣ್ಣಗ ಸಾಯ್ತೇನಿ."

ಗಂಗವ್ವ ಬಾಯಿಮಾತಿಗೆ ಹೇಳುವವಳಲ್ಲ. ಅದು ಚನ್ನವೀರನಿಗೆ ಗೊತ್ತಿತ್ತು.

ಮಂಗಳವಾರ ಅವನು ಗಾಲಿಗಳನ್ನು ಅದಲುಬದಲು ಮಾಡಿದ. ಖಾಲಿ ಜೀಪನ್ನು ಹೆದ್ದಾರಿಗೆ ಒಯ್ದು ಓಡಿಸಿ ನೋಡಿ ಬಂದ.

"ಗಾಲೀದ ತಪ್ಪು ಇರಬೇಕ್ರಿ, ಅಜ್ಜಾರ."

"ಬದಲಿ ಮಾಡಿದ ಮ್ಯಾಲೆ ನಿಂತೇನು?"

"ಇಲ್ರಿ."

"ಹಂಗಾರ ಗಾಲಿ ಪಾಪ."

ಎಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದ. ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದ. ರಸ್ತೆಯನ್ನು ಬೈದ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಬೈಯಲು ಉಳಿದವರು ಒಬ್ಬರೇ.

"ಲೇಥಿನವರು ಮಾಡಿದ್ದ ಸರಿ ಇಲ್ರಿ."

"ಅವರು ಇಲ್ಲಿ ಇಲ್ಲಲ್ಲೋ," ಎಂದರು ಅಜ್ಜನವರು. "ಇಲ್ಲಿ ಇದ್ದದ್ದನ್ನ ಕೇಳು."

"ಯಾರನ್ನ ಕೇಳ್ಲಿರಿ?"

"ನಡಗಾಕತ್ತೇತಲ್ಲ, ಅದನ್ನ."

ಅಜ್ಜನವರು ಎದ್ದು, ಕಾವಿಯನ್ನು ಮೊಳಕಾಲಿಗೆ ಎತ್ತಿ ಕಟ್ಟಿದರು. ಮುಂದಿನ ಗಾಲಿಗಳಿಗೆ ಕಲ್ಲು ಕೊಡಿಸಿದರು. ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿಸಿ, ಎರಡೂ ಕಡೆ ಗಟ್ಟಿ ಸ್ಟ್ಯಾಂಡು ಇಡಿಸಿದರು. ಒದ್ದು ನೋಡಿದರು. ಮತ್ತೊಮ್ಮೆ ಒದ್ದು ನೋಡಿದರು. ಗಾಲಿಗಳು ಗಾಳಿಯಲ್ಲಿ ನಿಂತವು.

ಆಮೇಲೆ ಪೂಜೆಯ ಗೂಡಿಗೆ ಹೋಗಿ ಒಂದು ವಿಭೂತಿ ಗಟ್ಟಿ ತಂದು ಚನ್ನವೀರನ ಕೈಗೆ ಕೊಟ್ಟರು.

"ಕೆಳಗ ಮಲಗು. ನಾ ಗೇರಿಗೆ ಹಾಕಿ ಶಾಫ್ಟು ಮೆಲ್ಲಗ ತಿರಗಸ್ತೇನಿ. ಇದನ್ನ ಅದಕ್ಕ ತಾಗಸು."

"ಅಜ್ಜಾರ, ವಿಭೂತಿ ರೀ ಇದು!"

"ಹೌದಪಾ. ಹಣಿಗೆ ಹಚಗೊಂಡ್ರ ತಪ್ಪು ಮುಚ್ಚತೈತಿ. ಇಲ್ಲಿ ಹಚ್ಚಿದ್ರ ತೋರಸ್ತೈತಿ."

ಚನ್ನವೀರ ಅಂಗಿ ಬಿಚ್ಚಿಟ್ಟು ಜೀಪಿನ ಕೆಳಗೆ ತೂರಿಕೊಂಡ. ಕಟ್ಟಿಗೆಯ ತುಂಡಿನ ಮೇಲೆ ಮೊಣಕೈ ಊರಿದ. ಮೇಲೆ ಎಂಜಿನ್ ಶುರುವಾಯಿತು, ಅವನ ಮೂಗಿನ ಮುಂದೆ ಕರಿ ಶಾಫ್ಟು ತಿರುಗತೊಡಗಿತು. ವಿಭೂತಿ ತಾಗಿಸಿದ. ಎಂಜಿನ್ ನಿಂತಿತು.

"ಹೆಂಗ ಹತ್ತೇತಿ?"

"ಸುತ್ತ ಹತ್ತೇತ್ರಿ. ಬಳಿ ಹಂಗ."

"ಒತ್ತೀದಿ ನೀ. ವರಸು. ಇನ್ನೊಮ್ಮೆ."

ಎರಡನೆಯ ಸಲವೂ ಸುತ್ತಲೂ ಹತ್ತಿತು.

"ಮತ್ತ ಒತ್ತೀದಿ. ತಮ್ಮಾ, ನೀ ಅದರ ಕಡೆ ಹೋಗಬ್ಯಾಡ. ಕೈ ನಿಲ್ಲಸಿ ಸುಮ್ಮನ ಇರು. ಅದು ಬರತೈತಿ."

ಚನ್ನವೀರ ಉಸಿರು ಬಿಗಿಹಿಡಿದ. ಎರಡು ದಿನದಿಂದ ಅವನ ಕೈ ಏನನ್ನಾದರೂ ಒತ್ತುತ್ತಲೇ, ತಿರುಪುತ್ತಲೇ ಇತ್ತು. ಅದನ್ನು ಸುಮ್ಮನಿರಿಸುವುದು ಬೋಲ್ಟು ಬಿಚ್ಚುವುದಕ್ಕಿಂತ ಕಷ್ಟದ ಕೆಲಸವಾಯಿತು. ಕೊನೆಗೆ ಕೈ ನಿಂತಿತು. ತಿರುಗುವ ಕಬ್ಬಿಣ ತಾನಾಗಿ ಬಂದು ವಿಭೂತಿಯನ್ನು ಮೆಲ್ಲಗೆ ಮುಟ್ಟಿತು, ಹೋಯಿತು. ಮುಟ್ಟಿತು, ಹೋಯಿತು.

ಎಂಜಿನ್ ನಿಂತಾಗ ನೋಡಿದರೆ ಒಂದೇ ಮಗ್ಗುಲಿಗೆ, ನಾಲ್ಕು ಬೆರಳಗಲದ ಬಿಳಿ ಗುರುತು.

"ಒಂದ ಕಡೆ ಹತ್ತೇತ್ರಿ!"

"ಹಾಂ. ಆ ಮಗ್ಗಲ ಭಾರ ಐತಿ. ಅದಕ್ಕ ತಿರಗುವಾಗ ಹೊರಗ ಬರತೈತಿ. ಈಗ ಅದರ ಎದುರು ಮಗ್ಗಲ ಕೈ ಆಡಸಿ ನೋಡು."

ಚನ್ನವೀರ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಬೆರಳಾಡಿಸಿದ. ಒಂದೆಡೆ ಬೆರಳು ತಡೆಯಿತು. ಬಣ್ಣದ ಕೆಳಗೆ, ಹೆಬ್ಬೆರಳಗಲದ ಜಾಗ ಸ್ವಲ್ಪ ಚಪ್ಪಟೆಯಾಗಿತ್ತು.

ಆ ಜಾಗ ಅವನಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅಲ್ಲೊಂದು ಸಣ್ಣ ಕಬ್ಬಿಣದ ತೇಪೆ ಇತ್ತು. ಅಡ್ಡಾದಿಡ್ಡಿ ಬೆಸುಗೆ, ನೋಡಿದರೆ ಹೇಸಿಗೆ. ಹೊಸ ಶಾಫ್ಟಿಗೆ ಎಂಥ ತೇಪೆ ಎಂದು ಲೇಥಿನವರನ್ನು ಬೈದುಕೊಂಡು, ಅವನೇ ಗ್ರೈಂಡರ್ ಹಿಡಿದು ಅದನ್ನು ಹಾರಿಸಿದ್ದ. ಮರಳು ಕಾಗದದಿಂದ ತಿಕ್ಕಿದ್ದ. ಮೇಲೆ ಎರಡು ಸಲ ಬಣ್ಣ ಬಳಿದಿದ್ದ. ಲೇಥಿನವರು ತೂಗಿ ನೋಡಿ, ಹಗುರಾದ ಮಗ್ಗುಲಿಗೆ ಅಂಟಿಸಿದ ಭಾರ ಅದು ಎಂದು ಈಗ ಹೊಳೆಯಿತು.

ಅಜ್ಜನವರು ಮೇಲೆ ಡ್ರೈವರ್ ಸೀಟಿನಲ್ಲಿದ್ದರು. ಅವನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಈ ಕಡೆ ಹಗುರ ಐತ್ರಿ ಎಂದಷ್ಟೇ ಹೇಳಿದರೆ ಸಾಕಿತ್ತು. ತಪ್ಪು ಲೇಥಿನವರ ತಲೆಗೆ ಹೋಗುತ್ತಿತ್ತು. ಶಾಭಾಸ್ ಕೂಡ ಸಿಗುತ್ತಿತ್ತೇನೋ.

ಚನ್ನವೀರನ ಹಣೆಗೆ ಎಣ್ಣೆಯ ಹನಿಯೊಂದು ತೊಟ್ಟಿಕ್ಕಿತು.

"ಅಜ್ಜಾರ."

"ಹೂಂ."

"ಇಲ್ಲೊಂದು ತೇಪಿ ಇತ್ರಿ. ನಾನ ತಿಕ್ಕಿ ತಗದೇನಿ. ಚಂದ ಕಾಣಲಿ ಅಂತ." ಅವನ ದನಿ ಸಣ್ಣದಾಯಿತು. "ನಿಮಗ ಚಂದ ಕಾಣಲಿ ಅಂತ."

ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎಪ್ಪತ್ತೆರಡು ವರ್ಷದ ಅಜ್ಜನವರು ನೆಲದ ಮೇಲೆ ತೆವಳುತ್ತ ಬಂದು, ಅವನ ಪಕ್ಕದಲ್ಲೇ ಅಂಗಾತ ಮಲಗಿದರು. ಕೈಯೆತ್ತಿ ಆ ಜಾಗದ ಮೇಲೆ ಬೆರಳಾಡಿಸಿದರು.

"ಭಾರೀ ನುಣ್ಣಗ ತಿಕ್ಕೀದೆಲ್ಲೋ!" ಎಂದರು. ಆ ದನಿಯಲ್ಲಿ ಕೊಂಕಿರಲಿಲ್ಲ. ಕೈಗೆಲಸ ಬಲ್ಲವನೊಬ್ಬ ಇನ್ನೊಬ್ಬನ ಕೈಗೆಲಸ ಮೆಚ್ಚಿದ ದನಿಯೇ ಅದು.

"ತಪ್ಪಾತ್ರಿ."

"ನಂದೂ ಆತು. ಹದಿನೆಂಟು ವರ್ಷದ ಮೇಸ್ತ್ರಿ ನಾನು. ಬಣ್ಣ ನೋಡಿ ಚಂದ ಐತಿ ಅಂದೆ, ಬೆರಳ ಆಡಸಲಿಲ್ಲ. ಆಡಸಿದ್ರ ಆಕಿ ಸೋಮವಾರ ಅಷ್ಟು ತ್ರಾಸ ಪಡತಿರಲಿಲ್ಲ."

ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಚನ್ನವೀರನ ಕಣ್ಣು ತುಂಬಿದವು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಇಷ್ಟು ದೊಡ್ಡವರು ಧೂಳಿನಲ್ಲಿ ತನ್ನ ಪಕ್ಕಕ್ಕೆ ಬಂದು ಮಲಗಿದ್ದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಅಳೂದ ಆಮ್ಯಾಲೆ," ಎಂದರು ಅಜ್ಜನವರು. "ನೀರಿನ ಪಂಪಿನ ಪೈಪಿಗೆ ಹಾಕೂ ಕ್ಲಿಪ್ ಎರಡು ತಗೊಂಡ ಬಾ. ಬರುವಾಗ ಗಂಗವ್ವನ ಚೊಂಬಿನ್ಯಾಗ ನೀರ ತುಂಬಕೊಂಡ ಬಾ."

ಚೊಂಬನ್ನು ಜೀಪಿನೊಳಗೆ ನೆಲದ ಮೇಲೆ ಇಟ್ಟರು. ಎಂಜಿನ್ ಹಾಕಿ, ಟಾಪ್ ಗೇರಿನಲ್ಲಿ ಗಾಲಿ ಜೋರಾಗಿ ತಿರುಗಿಸಿದಾಗ ನೀರಿನ ಮೇಲೆ ನೆರಿಗೆ ನೆರಿಗೆ ಎದ್ದವು. ನಿಲ್ಲಿಸಿ, ತೇಪೆ ಇದ್ದ ಜಾಗಕ್ಕೆ ಸರಿಯಾಗಿ ಕ್ಲಿಪ್ಪಿನ ಭಾರವಾದ ತಿರುಪು ಬರುವಂತೆ ಶಾಫ್ಟಿಗೆ ಬಿಗಿದರು. ನೆರಿಗೆ ಕಡಿಮೆಯಾಯಿತು. ಇನ್ನೊಂದು ಕ್ಲಿಪ್ ಬಿಗಿದು, ಒಂದು ಬೆರಳು ಈಚೆಗೆ ಸರಿಸಿದರು. ಮತ್ತೆ ನೋಡಿದರು. ಅರ್ಧ ಬೆರಳು ಆಚೆಗೆ.

ಐದನೆಯ ಸಲ ಎಂಜಿನ್ ಜೋರಾದಾಗ ಚೊಂಬಿನ ನೀರಿನಲ್ಲಿ ಜೀಪಿನ ಕಿಟಕಿಯೂ ಅದರಾಚೆಯ ಬೇವಿನ ಟೊಂಗೆಯೂ ಅಲುಗದೆ ಕಾಣಿಸಿದವು.

ಚನ್ನವೀರ ಆ ನೀರನ್ನೇ ನೋಡುತ್ತ ನಿಂತ. ಪಟ್ಟಣದಲ್ಲಿ ಇದನ್ನು ಪತ್ತೆಹಚ್ಚಲು ಆಳೆತ್ತರದ ಯಂತ್ರ ಇತ್ತು. ಅಜ್ಜನವರು ಒಂದು ವಿಭೂತಿ ಗಟ್ಟಿಯಲ್ಲಿ, ಒಂದು ಚೊಂಬು ನೀರಿನಲ್ಲಿ ಮುಗಿಸಿದ್ದರು.

ಸುದ್ದಿ ಹೇಳಲು ಅಡುಗೆಮನೆಗೆ ಓಡಿದ. "ಗಂಗವ್ವಾ, ಚೊಂಬಿನ್ಯಾಗಿನ ನೀರ ಸೈತ ಅಲಗಲಿಲ್ಲ ನೋಡು!"

"ನೀರಿಗೇನು ಕಿಡ್ನಿ ಐತೇನಪಾ," ಎಂದಳು ಗಂಗವ್ವ.

ಆದರೂ ಗುರುವಾರ ಮುಂಜಾನೆ ಆಕೆ ಬಂದು ಜೀಪು ಹತ್ತಿದಳು. ಅಜ್ಜನವರು ಕರೆದಿದ್ದರು, ಅವರ ಮಾತು ಆಕೆ ಮೀರುವವಳಲ್ಲ. ಆ ದಿನ ಅವರೂ ಮುಂದಿನ ಸೀಟಿನಲ್ಲಿ ಕೂತರು.

ನಲವತ್ತು. ನಲವತ್ತೈದು. ಚನ್ನವೀರನ ಕಿವಿಯೆಲ್ಲ ನೆಲದ ಕಡೆಗಿತ್ತು. ಐವತ್ತೈದು. ಗುಂಯ್ ಸದ್ದಿಲ್ಲ. ಅರವತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಗೆರೆ ಎಳೆದಷ್ಟು ನೇರವಾಗಿ ಕಾಣುತ್ತಿತ್ತು.

ಅವನು ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಹಳ್ಳದ ಸೇತುವೆ ದಾಟಿತು, ಹತ್ತಿಯ ಹೊಲಗಳು ದಾಟಿದವು, ಗಂಗವ್ವನ ದನಿಯೇ ಇಲ್ಲ. ಅವನಿಗೆ ಗಾಬರಿಯಾಗಿ ಕನ್ನಡಿಯನ್ನು ಕೆಳಗೆ ಬಾಗಿಸಿ ನೋಡಿದ.

ಬಟ್ಟೆಯ ಗಂಟಿಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು, ಗಂಗವ್ವ ನಿದ್ದೆ ಹೋಗಿದ್ದಳು. ಎರಡು ವರ್ಷದಲ್ಲಿ ಆ ದಾರಿಯ ಮೇಲೆ ಆಕೆ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ.

ಅಜ್ಜನವರೂ ಹೊರಳಿ ನೋಡಿದರು. ಮುಂದಕ್ಕೆ ತಿರುಗಿ ಮೆಲ್ಲಗೆ, "ಶಾಭಾಸ್," ಎಂದರು.

ಜೀಪಿಗೋ, ಗಂಗವ್ವನಿಗೋ, ತನಗೋ, ಚನ್ನವೀರನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಎದೆ ತುಂಬಿ ಬಂತು. ಮೂರು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಒಂದೇ ಪ್ರಶ್ನೆಯಾಗಿ ಬಾಯಿಗೆ ಬಂದವು, ಅದೂ ಜೋರಾಗಿಯೇ.

"ಅಜ್ಜಾರ! ಯಾವದನ್ನ ತಿಕ್ಕಿ ತಗೀಬೇಕು, ಯಾವದನ್ನ ಹಂಗ ಬಿಡಬೇಕು, ಇದು ಮನಿಷಾಗ ಗೊತ್ತಾಗೂದರ ಹೆಂಗ್ರಿ?"

ಅಜ್ಜನವರು ಹಿಂದಕ್ಕೆ ಕೈಚಾಚಿ, ಗಂಗವ್ವನ ಭುಜದಿಂದ ಜಾರಿದ್ದ ಶಾಲನ್ನು ಮೇಲಕ್ಕೆ ಎಳೆದರು.

"ಮೆಲ್ಲಕ ಕೇಳೋ," ಎಂದರು. "ಆಕಿಗೆ ಎಚ್ಚರ ಆದೀತು."