ಮೀನಿನ ಬೆನ್ನಿಗೊಂದು ಹೆಂಚು

"ಗುರುಗಳೇ, ಕೃತಜ್ಞತೆ ಹೇಳುವಾಗ ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಹಿಂದಿನ ದಿನ ಪೇಟೆಯಲ್ಲಿ ಅವನ ಮೊದಲ ಪ್ರವಚನ ನಡೆದಿತ್ತು. ಜನ ತಲೆದೂಗಿದ್ದರು. ಕೊನೆಯಲ್ಲಿ ಅವನು ಅಧ್ಯಕ್ಷರಿಂದ ಹಿಡಿದು ಹಾರ ತಂದವರವರೆಗೆ ಒಬ್ಬೊಬ್ಬರ ಹೆಸರು ಹೇಳಿ ವಂದಿಸಿದ್ದ. ಆ ಖುಷಿ ಇನ್ನೂ ಮುಖದಲ್ಲಿತ್ತು.

ಗುರುಗಳು ನಕ್ಕರು. "ನಿನ್ನ ಪಟ್ಟಿ ಉದ್ದವಾಗಿಯೇ ಇತ್ತು ಬಿಡು. ಕೂತುಕೋ" ಎಂದು ಕತೆ ಶುರು ಮಾಡಿದರು.

ಒಬ್ಬ ಅರಿವೆ ವ್ಯಾಪಾರಿ ಇದ್ದ. ಅವನ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಊಟ ಬೇಡ, ಮಾತು ಬೇಡ. ಪಾಪ, ಅವಳ ಮನಸ್ಸಿಗೆ ಹಿತವಾಗಲೆಂದು ವ್ಯಾಪಾರಿ ಒಂದು ಗಾಜಿನ ತೊಟ್ಟಿ ತಂದು ಹಾಸಿಗೆಯ ಎದುರಿಗಿಟ್ಟು ಮೀನು ಬಿಟ್ಟ. ಅವಳು ಮೀನು ನೋಡುತ್ತ ನೋಡುತ್ತ ನಾಲ್ಕು ಚಮಚ ಗಂಜಿ ಕುಡಿದಳು. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು.

ಆದರೆ ತೊಟ್ಟಿಗೆ ನಾಲ್ಕೂ ಕಡೆ ಬರೀ ಗಾಜು. ಹಿಂದೆ ಯಾರಾದರೂ ಓಡಾಡಿದರೆ ಸಾಕು, ಮೀನುಗಳು ಬೆದರಿ ಗಾಜಿಗೆ ಹಾಯುತ್ತಿದ್ದವು. ಒಂದು ಮೀನು ಸತ್ತಿತು. ಆ ದಿನ ಹೆಂಡತಿ ಗಂಜಿ ಮುಟ್ಟಲಿಲ್ಲ.

ಮೀನಿಗೆ ಬೆನ್ನ ಹಿಂದೆ ಒಂದು ಆಸರೆ ಬೇಕು ಎಂಬುದು ವ್ಯಾಪಾರಿಗೆ ಹೊಳೆಯಿತು. ಅರಿವೆ ಮಾರುವವನಲ್ಲವೇ, ಅವನ ಕಣ್ಣು ಹೋಗುವುದು ಬಣ್ಣದ ಮೇಲೆಯೇ! ಸಮುದ್ರದ ಚಿತ್ರವಿದ್ದ ಹಾಳೆ ತಂದು ಒಳಗೆ ಅಂಟಿಸಿದ. ವಾರದಲ್ಲಿ ಅಂಟು ಬಿಟ್ಟು, ಹಾಳೆ ಉಬ್ಬಿ ತೇಲಿತು. ಆಮೇಲೆ ಕೆತ್ತನೆಯ ಮರದ ಹಲಗೆ ಇಳಿಸಿದ. ನೀರು ಕಷಾಯವಾಯಿತು. ಇನ್ನೆರಡು ಮೀನು ಸತ್ತವು. ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿಬಿಟ್ಟಳು.

ವ್ಯಾಪಾರಿ ಕಂಗಾಲಾಗಿ ಹೆಂಚು ಸುಡುವ ಒಬ್ಬ ಹೆಂಗಸಿನ ಬಳಿಗೆ ಓಡಿದ. "ತಾಯಿ, ನೀರಿನಲ್ಲಿ ಬಾಳುವಂಥದ್ದು ಕೊಡು. ನೋಡಲು ಚೆಂದವಿರಲಿ" ಎಂದ.

"ಯಾರಿಗೆ ಚೆಂದ ಸಾಹುಕಾರರೇ, ನಿಮಗೋ ಮೀನಿಗೋ?" ಎಂದಳು ಅವಳು.

ಚೆನ್ನಾಗಿ ಬೆಂದ ಹೆಂಚುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಣಕಣ ಎಂದವನ್ನು ಮಾತ್ರ ಆರಿಸಿದಳು. ಬಣ್ಣವಿಲ್ಲ, ಹೊಳಪಿಲ್ಲ. ಅವನ್ನು ಒಂದು ಕೊಳಗದ ನೀರಿನಲ್ಲಿ ಮುಳುಗಿಸಿ, ಹದಿನೈದು ದಿನ ಬಿಟ್ಟು ಬರಲು ಹೇಳಿದಳು. ವ್ಯಾಪಾರಿ ಅಂಗಲಾಚಿದ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಹದಿನಾರನೆಯ ದಿನ ಅವನು ಹೋದಾಗ, ಹೆಂಚು ನೆನೆದ ಆ ನೀರನ್ನೇ ಲೋಟದಲ್ಲಿ ಮೊಗೆದು, ಅರ್ಧ ತಾನು ಕುಡಿದು, ಉಳಿದದ್ದನ್ನು ಅವನ ಮುಂದೆ ಹಿಡಿದಳು. ಅವರ ಮನೆತನದ ಪದ್ಧತಿಯೇ ಅದು. ಹೆಂಚು ನೆನೆದ ನೀರನ್ನು ತಾವು ಕುಡಿಯಲಾಗದಿದ್ದರೆ ಆ ಹೆಂಚನ್ನು ಅವರು ಕೊಡುವುದಿಲ್ಲ. ವ್ಯಾಪಾರಿ ಮುಖ ಹಿಂಡಿಕೊಂಡು ಕುಡಿದ. ನೀರಿಗೆ ವಾಸನೆಯಿರಲಿಲ್ಲ, ಒಗರಿರಲಿಲ್ಲ. ಬರೀ ನೀರಿನ ರುಚಿಯಿತ್ತು.

ಅವಳು ಹೇಳಿಕೊಟ್ಟಂತೆ ವ್ಯಾಪಾರಿ ಅಂಟು ಹಚ್ಚದೆ, ತಳದ ಮರಳಿನಲ್ಲಿ ಊರಿ, ಹಿಂದಿನ ಗಾಜಿಗೆ ಹೆಂಚುಗಳನ್ನು ಒರಗಿಸಿ ನಿಲ್ಲಿಸಿದ. ಎರಡೇ ದಿನದಲ್ಲಿ ಮೀನುಗಳು ಹೆದರಿಕೆ ಬಿಟ್ಟು ಆಡತೊಡಗಿದವು. ಹೆಂಡತಿ ಮತ್ತೆ ಈ ಕಡೆ ತಿರುಗಿದಳು. ಗಂಜಿ ಹೋಗಿ ಅನ್ನವಾಯಿತು. ಬಂದ ನೆಂಟರೆಲ್ಲ "ಅಬ್ಬಾ, ಎಂಥ ಮೀನು!" ಎಂದರು. ಮೀನು ಮೊದಲಿನವೇ. ಹೆಂಚಿನ ಸುದ್ದಿ ಯಾರೂ ಎತ್ತಲಿಲ್ಲ. ಅದರ ಮೇಲೆ ಹಸಿರು ಪಾಚಿ ಕಟ್ಟಿತು. ವ್ಯಾಪಾರಿಯೂ ಮರೆತ.

ಹಾಸಿಗೆಯಲ್ಲೇ ಇದ್ದವಳು ಮರೆಯಲಿಲ್ಲ. ಎದ್ದು ಕೂರುವಷ್ಟು ಶಕ್ತಿ ಬಂದ ದಿನ ಅವಳು ತೊದಲುತ್ತ, "ರೀ, ಆ ಹೆಂಚಿನವಳನ್ನು ಕರೆಸಿ. ಅವಳ ಮುಖ ನೋಡಬೇಕು" ಎಂದಳು.

ಹೆಂಚಿನವಳು ಬಂದು ತೊಟ್ಟಿಯೊಳಗೆ ಇಣುಕಿದಳು. ಪಾಚಿಯ ನಡುವೆ ತನ್ನ ಹೆಂಚು ಎಲ್ಲಿದೆಯೆಂದು ಅವಳಿಗೇ ಗೊತ್ತಾಗಲಿಲ್ಲ. ಹೆಂಚು ನೀರಿಗೆ ಅಷ್ಟು ಹೊಂದಿಕೊಂಡದ್ದು ಕಂಡು ಅವಳಿಗೆ ಸಂತೋಷವಾಯಿತು. ಕಾಯಿಲೆಯವಳಿಗೆ ಎರಡು ಕೈ ಜೋಡಿಸಲು ಆಗುತ್ತಿರಲಿಲ್ಲ. ಆಡುವ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿ ನಮಸ್ಕರಿಸಿದಳು. ಹೆಂಚಿನವಳು ಆ ಕೈಯನ್ನು ಹಿಡಿದುಕೊಂಡು ಅತ್ತುಬಿಟ್ಟಳು. ವ್ಯಾಪಾರಿ, ನಾಚಿಕೆಯೋ ಸಂತೋಷವೋ, ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮನಸ್ಸು ತುಂಬಿ ಬಂದಿತ್ತು. "ಎಂಥ ಕತೆ ಗುರುಗಳೇ! ಮುಂದಿನ ಪ್ರವಚನದಲ್ಲಿ ಇದನ್ನೇ ಹೇಳುತ್ತೇನೆ" ಎಂದ.

"ಧಾರಾಳವಾಗಿ ಹೇಳಪ್ಪ. ಅದಕ್ಕೆ ಮೊದಲು, ನಿನ್ನೆ ಎರಡು ತಾಸು ನಿನ್ನ ಬೆನ್ನ ಹಿಂದೆ ಕೂತು ಶ್ರುತಿ ಹಿಡಿದವರ ಹೆಸರೇನು ಹೇಳು" ಎಂದರು ಗುರುಗಳು.

ಮರುಳಯ್ಯ ಎದ್ದು ಚಪ್ಪಲಿ ಮೆಟ್ಟಿ, ಆ ಹೆಸರು ಕೇಳಿಕೊಂಡು ಬರಲು ಪೇಟೆಯ ಕಡೆಗೆ ನಡೆದ.